ಹಾಸಿಗೆ ಹಿಡಿದವರ ಕಾವಲುಗಾರ: ಸಂತ ಕಮಿಲ್ಲಸ್



ಅಥಣಿ, ಕಾಗವಾಡ ಕಡೆಯವರಿಗೆ ಮಿರಜದ ದಾರಿ ಹೊಸದಲ್ಲ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ನಮ್ಮ ಹಿರಿಯರು ಮೊದಲು ಚಕ್ಕಡಿಯಲ್ಲಿ, ಆಮೇಲೆ ಬಸ್ಸು, ಟೆಂಪೋಗಳಲ್ಲಿ ತಮ್ಮ ರೋಗಿಗಳನ್ನು ಅಲ್ಲಿಗೆ ಒಯ್ದಿದ್ದಾರೆ. 2008ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದ ಮೇಲೆ ಫೋನು ಮಾಡಿದರೆ ಗಾಡಿ ಊರೊಳಗೇ ಬರುತ್ತದೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಹೆರಿಗೆ ನೋವು ಎದ್ದ ಹೆಣ್ಣುಮಗಳು, ಮಾತು ನಿಂತುಹೋದ ಮುದುಕ, ಬುದ್ಧಿ ಸ್ಥಿಮಿತದಲ್ಲಿಲ್ಲದ ಯುವಕ, ದಾರಿಯಲ್ಲಿ ಬಿದ್ದು ಹೆಸರು ಕೂಡ ಹೇಳಲಾಗದ ಕುಡುಕ, ಎಲ್ಲರೂ ಆ ಗಾಡಿಯಲ್ಲೇ ಹೋಗುತ್ತಾರೆ.

ಬಾಗಿಲು ಮುಚ್ಚಿದ ಮೇಲೆ ಆ ಗಾಡಿಯಲ್ಲಿ ಇರುವವರು ಯಾರು? ರೋಗಿ, ಮತ್ತು ಅವರು ಹಿಂದೆಂದೂ ನೋಡಿರದ ಒಬ್ಬ ಶುಶ್ರೂಷಕ. ಕೆಲವೊಮ್ಮೆ ಮನೆಯವರೊಬ್ಬರು ಇರುತ್ತಾರೆ, ಕೆಲವೊಮ್ಮೆ ಅವರೂ ಇರುವುದಿಲ್ಲ. ಮೈಮೇಲಿನ ಬಟ್ಟೆ ಸರಿಯಾಗಿದೆಯೋ ಇಲ್ಲವೋ, ಕೊರಳಲ್ಲಿದ್ದ ತಾಳಿ, ಜೇಬಿನಲ್ಲಿದ್ದ ಹಣ ಏನಾಯಿತು, ಎತ್ತುವಾಗ ಕೈ ಮೃದುವಾಗಿತ್ತೋ ಒರಟಾಗಿತ್ತೋ, ಇದನ್ನೆಲ್ಲ ಕೇಳುವ ಶಕ್ತಿ ಆ ರೋಗಿಗೆ ಇಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳಲಾಗದವನನ್ನು ಕಾಯುವವರು ಯಾರು? ಈ ಪ್ರಶ್ನೆಗೆ ತನ್ನ ಇಡೀ ಆಯುಷ್ಯವನ್ನೇ ಉತ್ತರವಾಗಿ ಕೊಟ್ಟ ಒಬ್ಬ ಸಂತನ ಕಥೆಯನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ. ವಿಚಿತ್ರವೆಂದರೆ, ಈ ಮನುಷ್ಯನನ್ನು ಒಮ್ಮೆ ಆಸ್ಪತ್ರೆಯ ಆಳಿನ ಕೆಲಸಕ್ಕೂ ಲಾಯಕ್ಕಿಲ್ಲವೆಂದು ಹೊರಗೆ ಹಾಕಿದ್ದರು.

ಕಮಿಲ್ಲಸ್ ದೆ ಲೆಲ್ಲಿಸ್ ಹುಟ್ಟಿದ್ದು 1550ರ ಮೇ 25ರಂದು, ಇಟಲಿಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ. ತಾಯಿ ಕಮಿಲ್ಲಾಗೆ ಆಗ ಮಕ್ಕಳಾಗುವ ವಯಸ್ಸು ಮೀರಿತ್ತು, ಆದ್ದರಿಂದ ಊರವರು ಬೆರಗಾದರಂತೆ. ತಂದೆ ಜೊವಾನ್ನಿ ಸೇನೆಯಲ್ಲಿ ಅಧಿಕಾರಿ, ಮನೆಯಲ್ಲಿ ಇದ್ದದ್ದಕ್ಕಿಂತ ದಂಡಿನಲ್ಲಿ ಇದ್ದದ್ದೇ ಹೆಚ್ಚು. ಹುಡುಗನಿಗೆ ಹನ್ನೆರಡು ಹದಿಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡಳು. ಓದು ಹತ್ತಲಿಲ್ಲ. ಎತ್ತರ ಮಾತ್ರ ಆರೂವರೆ ಅಡಿ ಬೆಳೆಯಿತು, ಸಿಟ್ಟೂ ಅದರ ಜೊತೆಗೇ ಬೆಳೆಯಿತು. ಹದಿನೇಳರ ಸುಮಾರಿಗೆ ತಂದೆಯ ಜೊತೆ ಸೈನಿಕನಾಗಿ ಹೊರಟ. ತಂದೆಯಿಂದ ಕಲಿತ ಇನ್ನೊಂದು ವಿದ್ಯೆ ಜೂಜು. ತಂದೆ ದಾರಿಯಲ್ಲೇ ಸತ್ತ. ಮಗನಿಗೆ ಉಳಿದ ಆಸ್ತಿ ಒಂದು ಕತ್ತಿ, ಮತ್ತು ಕಾಲಿನ ಮೇಲೆ ಒಂದು ಹುಣ್ಣು. ಆ ಹುಣ್ಣು ಮುಂದೆ ಸುಮಾರು 46 ವರ್ಷ, ಸಾಯುವ ತನಕ, ಮಾಯಲೇ ಇಲ್ಲ.

ಆ ಹುಣ್ಣೇ 1571ರಲ್ಲಿ ಅವನನ್ನು ರೋಮ್ ಪಟ್ಟಣದ ಸಂತ ಯಾಕೋಬರ ಆಸ್ಪತ್ರೆಗೆ ತಂದು ಹಾಕಿತು. ವಾಸಿಯಾಗದ ರೋಗಗಳವರಿಗೆಂದೇ ಇದ್ದ ಆಸ್ಪತ್ರೆ ಅದು. ಕೊಡಲು ದುಡ್ಡಿಲ್ಲದ ಕಮಿಲ್ಲಸ್ ಅಲ್ಲಿ ರೋಗಿಯೂ ಆದ, ಆಳೂ ಆದ. ಆದರೆ ಅವನಂಥ ಕೆಟ್ಟ ಆಳು ಇನ್ನೊಬ್ಬನಿರಲಿಲ್ಲ. ರೋಗಿಗಳನ್ನು ಬಿಟ್ಟು ತೈಬರ್ ನದಿಯ ದಡಕ್ಕೆ ಓಡಿಹೋಗಿ ದೋಣಿಯವರ ಜೊತೆ ಇಸ್ಪೀಟು ಆಡುತ್ತಿದ್ದ. ಜೊತೆಯ ಆಳುಗಳೊಡನೆ ದಿನವೂ ಜಗಳ. ಒಂಬತ್ತು ತಿಂಗಳಾದ ಮೇಲೆ ಆಸ್ಪತ್ರೆಯವರು ಬಾಗಿಲು ತೋರಿಸಿದರು.

ಸಂತರ ಚರಿತ್ರೆ ಬರೆಯುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುವುದುಂಟು. ನನಗೆ ಇದೇ ಬಹಳ ಮುಖ್ಯವೆಂದು ತೋರುತ್ತದೆ. ಕರೆದರೂ ಬಾರದ ಆಳು ಹೇಗಿರುತ್ತಾನೆ, ಅವನು ಏಕೆ ಬರುವುದಿಲ್ಲ, ಆಗ ಮಂಚದ ಮೇಲಿದ್ದವನಿಗೆ ಏನಾಗುತ್ತದೆ, ಇದನ್ನು ಕಮಿಲ್ಲಸ್ ಪುಸ್ತಕದಿಂದ ಕಲಿಯಲಿಲ್ಲ. ಅವನೇ ಆ ಆಳಾಗಿದ್ದ, ಅವನೇ ಮಂಚದ ಮೇಲೂ ಮಲಗಿದ್ದ.

ಮತ್ತೆ ಮೂರು ವರ್ಷ ದಂಡು, ಜೂಜು. 1574ರಲ್ಲಿ ನೇಪಲ್ಸಿನ ಬೀದಿಯಲ್ಲಿ ಕತ್ತಿ, ಮದ್ದಿನ ಡಬ್ಬಿ, ಮೇಲಂಗಿ ಎಲ್ಲ ಸೋತು ಕೊನೆಗೆ ಮೈಮೇಲಿನ ಅಂಗಿಯನ್ನೂ ಪಣಕ್ಕಿಟ್ಟು ಕಳೆದುಕೊಂಡ. ಆ ಚಳಿಗಾಲದಲ್ಲಿ ಮಾನ್‌ಫ್ರೆಡೊನಿಯಾ ಎಂಬ ಊರಿನ ಗುಡಿಯ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದವನಿಗೆ ಅಲ್ಲಿ ಮಠ ಕಟ್ಟಿಸುತ್ತಿದ್ದ ಕಪುಚಿನ್ ಸಭೆಯವರ ಬಳಿ ಕೂಲಿ ಸಿಕ್ಕಿತು. ಕತ್ತೆಗಳ ಮೇಲೆ ಸುಣ್ಣ, ಕಲ್ಲು, ನೀರು ಹೇರುವ ಕೆಲಸ. ಒಂದು ದಿನ ಅವರು ಇವನನ್ನು ಸಾಮಾನು ತರಲು ಸಾನ್ ಜೊವಾನ್ನಿ ರೊತೊಂದೊ ಎಂಬ ಊರಿಗೆ ಕಳಿಸಿದರು. ಸಂತ ಪಾದ್ರೆ ಪಿಯೊ ಅವರಿಂದ ನಿಮಗೆಲ್ಲ ಪರಿಚಯವಾಗಿರುವ ಊರೇ ಅದು. ಅಲ್ಲಿನ ಮಠದ ಗುರುಗಳೊಬ್ಬರು ರಾತ್ರಿ ಈ ಕೂಲಿಯವನನ್ನು ಕೂರಿಸಿಕೊಂಡು ದೇವರ ವಿಷಯ ನಾಲ್ಕು ಮಾತು ಹೇಳಿದರು. ಮರುದಿನ, 1575ರ ಫೆಬ್ರವರಿ 2ರಂದು, ಪ್ರಭುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಹಿಂದಿರುಗುವ ದಾರಿಯಲ್ಲಿ ಕಮಿಲ್ಲಸ್ ಕಲ್ಲುನೆಲದ ಮೇಲೆ ಮೊಣಕಾಲೂರಿ ಅತ್ತ. ಆಗ ವಯಸ್ಸು ಇಪ್ಪತ್ತೈದೂ ತುಂಬಿರಲಿಲ್ಲ.

ಕಪುಚಿನ್ ಸಭೆ ಸೇರಿದರು. ಆದರೆ ಒರಟು ನಿಲುವಂಗಿ ತಾಗಿ ಕಾಲಿನ ಹುಣ್ಣು ಮತ್ತೆ ಬಾಯಿಬಿಟ್ಟಿತು. ಹೊರಗೆ ಬರಬೇಕಾಯಿತು. ಇನ್ನೊಮ್ಮೆ ಸೇರಿದರು, ಇನ್ನೊಮ್ಮೆ ಅದೇ ಹುಣ್ಣು ಹೊರಗೆ ಹಾಕಿತು. ಎರಡು ಸಲವೂ ಅವರು ಬಂದು ಸೇರಿದ್ದು ತಮ್ಮನ್ನು ಹೊರಹಾಕಿದ್ದ ಅದೇ ಸಂತ ಯಾಕೋಬರ ಆಸ್ಪತ್ರೆಗೆ. ಈ ಸಲ ಕೆಲಸ ಹೇಗೆ ಮಾಡಿದರೆಂದರೆ, ಕೆಲವು ವರ್ಷಗಳಲ್ಲಿ ಆಸ್ಪತ್ರೆಯ ಆಡಳಿತವನ್ನೇ ಅವರ ಕೈಗೆ ಒಪ್ಪಿಸಿದರು.

ಆ ಕಾಲದ ಆಸ್ಪತ್ರೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯಿದ್ದವರು ಆಸ್ಪತ್ರೆಗೆ ಬರುತ್ತಿರಲಿಲ್ಲ, ವೈದ್ಯರೇ ಮನೆಗೆ ಹೋಗುತ್ತಿದ್ದರು. ಆಸ್ಪತ್ರೆಗೆ ಬರುತ್ತಿದ್ದವರು ಯಾರೂ ದಿಕ್ಕಿಲ್ಲದವರು. ಅವರನ್ನು ನೋಡಿಕೊಳ್ಳುತ್ತಿದ್ದ ಆಳುಗಳು ಬೇರೆಲ್ಲೂ ಕೂಲಿ ಸಿಗದವರು. ಬಡ ರೋಗಿ ದಿನಗಟ್ಟಲೆ ತನ್ನ ಹೊಲಸಿನಲ್ಲೇ ಮಲಗಿರುತ್ತಿದ್ದ. ತಿನ್ನಲಾಗದವನ ಮುಂದೆ ತಟ್ಟೆ ಇಟ್ಟು ಹೋಗಿ, ಹಾಗೆಯೇ ಉಳಿದ ತಟ್ಟೆಯನ್ನು ಮತ್ತೆ ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಭಯಂಕರವಾದದ್ದು ಇನ್ನೊಂದು. ಉಸಿರು ಕ್ಷೀಣಿಸಿದವನನ್ನು ಸತ್ತನೆಂದು ಎಣಿಸಿ, ಜೀವ ಇರುವಾಗಲೇ ಶವಗಳ ಜೊತೆ ಹಾಕಿಬಿಡುತ್ತಿದ್ದುದೂ ಉಂಟು.

ಇದನ್ನೆಲ್ಲ ನೋಡುತ್ತಿದ್ದ ಕಮಿಲ್ಲಸರಿಗೆ 1582ರ ಆಗಸ್ಟ್ ತಿಂಗಳ ಒಂದು ರಾತ್ರಿ ಒಂದು ವಿಚಾರ ಹೊಳೆಯಿತು. ಕೂಲಿಗಾಗಿ ಬಂದವರನ್ನು ಬೈದು ತಿದ್ದಲಾಗದು; ಕೂಲಿ ಬೇಡದೆ ದೇವರ ಪ್ರೀತಿಗಾಗಿ ಬರುವ ಕೆಲವರನ್ನು ಒಟ್ಟುಗೂಡಿಸಬೇಕು. ನಾಲ್ಕೈದು ಜನ ಸೇರಿದರು, ಒಂದು ಕೋಣೆಯಲ್ಲಿ ಶಿಲುಬೆ ಇಟ್ಟು ಪ್ರಾರ್ಥನೆ ಮಾಡತೊಡಗಿದರು. ಇವರು ಆಸ್ಪತ್ರೆಯನ್ನೇ ಕಬಳಿಸುತ್ತಾರೆಂದು ಮೇಲಿನವರಿಗೆ ಅನುಮಾನ ಬಂತು, ಆ ಕೋಣೆಯನ್ನು ಮುಚ್ಚಿಸಿದರು. ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಸಾಮಾನ್ಯರಲ್ಲ, ಸಂತ ಫಿಲಿಪ್ ನೇರಿ. ಅವರೂ ಈ ಸಾಹಸ ಬೇಡವೆಂದರು. ಓದು ಬರಹ ಸರಿಯಾಗಿ ಇಲ್ಲದ ಮನುಷ್ಯ ಒಂದು ಸಂಘವನ್ನು ನಡೆಸಲಾರನೆಂದು ಅವರ ಎಣಿಕೆ. ಸಂತರಿಬ್ಬರ ನಡುವೆಯೂ ಭಿನ್ನಾಭಿಪ್ರಾಯ ಬರುತ್ತದೆಂಬುದನ್ನು ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಗಳವರು ಗಮನಿಸಲಿ! ಶಿಲುಬೆಯ ಮೇಲಿನ ಪ್ರಭುವೇ ಕೈಚಾಚಿ, ಈ ಕೆಲಸ ನನ್ನದು, ಮುಂದುವರಿಸು ಎಂಬ ಧೈರ್ಯ ಕೊಟ್ಟರೆಂದು ಅವರ ಸಭೆಯವರು ಇಂದಿಗೂ ನೆನೆಯುತ್ತಾರೆ.

ಗುರುವಾದರೆ ರೋಗಿಗಳ ಆತ್ಮವನ್ನೂ ನೋಡಿಕೊಳ್ಳಬಹುದೆಂದು, ಮೂವತ್ತೆರಡರ ವಯಸ್ಸಿನಲ್ಲಿ ಯೇಸುಸಭೆಯವರ ಶಾಲೆಯಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನ್ ಕಲಿತರು. ಆ ಎತ್ತರದ ಆಳು ಬೆಂಚಿನ ಮೇಲೆ ಕುಳಿತದ್ದನ್ನು ಕಂಡು ಹುಡುಗರು ನಕ್ಕರೆ ಆಶ್ಚರ್ಯವಿಲ್ಲ. 1584ರಲ್ಲಿ, ಇಂಗ್ಲೆಂಡಿನಿಂದ ಹೊರದೂಡಲ್ಪಟ್ಟು ರೋಮಿನಲ್ಲಿದ್ದ ಧರ್ಮಾಧ್ಯಕ್ಷ ಗೋಲ್ಡ್‌ವೆಲ್ ಅವರ ಕೈಯಿಂದ ಗುರುದೀಕ್ಷೆ ಪಡೆದರು. ತಮ್ಮ ಸಂಗಡಿಗರೊಡನೆ ವ್ಯಾಟಿಕನ್ ಬಳಿಯ ಪವಿತ್ರಾತ್ಮರ ಆಸ್ಪತ್ರೆಯಲ್ಲಿ ದುಡಿಯತೊಡಗಿದರು. 1586ರಲ್ಲಿ ಜಗದ್ಗುರು ಐದನೇ ಸಿಕ್ಸ್ತಸರು ಸಂಘಕ್ಕೆ ಮನ್ನಣೆ ಕೊಟ್ಟು, ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಧರಿಸಲು ಅಪ್ಪಣೆಯಿತ್ತರು. ಇಂದಿನ ರೆಡ್ ಕ್ರಾಸ್ ಸಂಸ್ಥೆಯ ಗುರುತು ಇದರಿಂದಲೇ ಬಂತೆಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. 1864ರ ಆ ಗುರುತು ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣವನ್ನು ತಿರುಗಿಸಿ ಮಾಡಿದ್ದು. ಆದರೆ ಅದಕ್ಕೆ ಸುಮಾರು 280 ವರ್ಷ ಮೊದಲೇ ರೋಮಿನ ಬಡವರು ಕೆಂಪು ಶಿಲುಬೆ ಕಂಡರೆ ಸಹಾಯ ಬಂತೆಂದು ತಿಳಿಯುತ್ತಿದ್ದರು.

ಕಮಿಲ್ಲಸರು ತಮ್ಮವರಿಗೆ ಬರೆದುಕೊಟ್ಟ ನಿಯಮಗಳ ತಿರುಳು ಹೀಗಿದೆ. ರೋಗಿಯ ಬಳಿ ಹೋಗುವ ಮೊದಲು, ತಾಯಿಯ ಹೃದಯ ಕೊಡೆಂದು ದೇವರನ್ನು ಬೇಡಬೇಕು. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ಹೇಗೆ ನೋಡಿಕೊಳ್ಳುತ್ತಾಳೋ ಹಾಗೆ ನೋಡಿಕೊಳ್ಳಬೇಕು. ಒರಟು ಮಾತು ಆಡಕೂಡದು. ಅನ್ನ ಮುಂದಿಟ್ಟು ಹೋಗದೆ, ತಿನ್ನಲಾಗದವನಿಗೆ ತಿನ್ನಿಸಬೇಕು. ಕಿಟಕಿ ತೆರೆದು ಗಾಳಿ ಬರುವಂತೆ ಮಾಡುವುದು, ಅಂಟುರೋಗದವರನ್ನು ಬೇರೆ ಇಡುವುದು, ರೋಗಕ್ಕೆ ತಕ್ಕ ಪಥ್ಯ ಕೊಡುವುದು, ಇವೆಲ್ಲ ಅವರ ಪದ್ಧತಿಗಳು. ಸಾಯುವವರ ವಿಷಯದಲ್ಲಂತೂ ಅವರ ಎಚ್ಚರಿಕೆ ದೊಡ್ಡದು. ಉಸಿರು ನಿಂತಂತೆ ಕಂಡ ಮೇಲೂ ಕನಿಷ್ಠ ಕಾಲು ಗಂಟೆ ಪಕ್ಕದಲ್ಲೇ ಕುಳಿತು ಪ್ರಾರ್ಥಿಸಬೇಕು, ಮುಖದ ಮೇಲೆ ಬಟ್ಟೆ ಬೇಗ ಎಳೆಯಬಾರದು ಎಂದು ಕಟ್ಟಳೆ ಮಾಡಿದರು. ಭಕ್ತಿಯ ನಿಯಮದಂತೆ ಕಾಣುವ ಇದು ಜೀವ ಉಳಿಸುವ ನಿಯಮವೂ ಆಗಿತ್ತು.

ಗುರುಮಠದ ದರ್ಶನಶಾಸ್ತ್ರದ ತರಗತಿಯಲ್ಲಿ ವ್ಯಕ್ತಿ ಎಂದರೆ ಯಾರು ಎಂಬ ಬಗ್ಗೆ ನಾವು ಬಹಳ ಓದುತ್ತೇವೆ. ಬೊಯೆಥಿಯಸ್ ಮೊದಲಾದ ಪಂಡಿತರು ವಿವೇಕಶಕ್ತಿಯನ್ನು ಆಧಾರವಾಗಿಟ್ಟುಕೊಂಡು ಅದನ್ನು ವಿವರಿಸಿದರು. ಹಾಗಾದರೆ ಪ್ರಜ್ಞೆ ತಪ್ಪಿದವನು, ಬುದ್ಧಿ ಕಲಕಿದವನು? ಅವನ ಸ್ವಭಾವ ಬದಲಾಗುವುದಿಲ್ಲ, ಆದ್ದರಿಂದ ಅವನೂ ಪೂರ್ಣ ವ್ಯಕ್ತಿಯೇ ಎಂದು ಪುಸ್ತಕ ಉತ್ತರ ಕೊಡುತ್ತದೆ. ಉತ್ತರ ಸರಿಯೇ. ಕಮಿಲ್ಲಸರು ಆ ಪುಸ್ತಕ ಓದಿ ಮುಗಿಸುವಷ್ಟು ಪಂಡಿತರಾಗಿರಲಿಲ್ಲ. ಅವರು ಅಂಥವನ ಮಂಚದ ಮುಂದೆ ಮೊಣಕಾಲೂರುತ್ತಿದ್ದರು, ಅವನನ್ನು ತಮ್ಮ ಒಡೆಯನೆಂದು ಕರೆಯುತ್ತಿದ್ದರು. ಒಮ್ಮೆ ಆಸ್ಪತ್ರೆಯ ಮುಖ್ಯಾಧಿಕಾರಿ ಹೇಳಿಕಳಿಸಿದಾಗ ಅವರು ಒಬ್ಬ ರೋಗಿಗೆ ಉಪಚಾರ ಮಾಡುತ್ತಿದ್ದರು. ತಾನೀಗ ಪ್ರಭು ಯೇಸುವಿನ ಸೇವೆಯಲ್ಲಿದ್ದೇನೆ, ಮುಗಿದ ಮೇಲೆ ಬರುತ್ತೇನೆ ಎಂದು ಉತ್ತರ ಕಳಿಸಿ ಆ ದೊಡ್ಡವರನ್ನು ಕಾಯಿಸಿದರಂತೆ. ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯವನ್ನು ನಾವು ಪ್ರವಚನಕ್ಕೆ ಬಳಸುತ್ತೇವೆ. ಅವರು ಅದನ್ನು ಕೆಲಸದ ಪಟ್ಟಿಯಂತೆ ಓದಿಕೊಂಡರು.

ಕೆಲಸ ಆಸ್ಪತ್ರೆಯ ಗೋಡೆಯ ಒಳಗೇ ನಿಲ್ಲಲಿಲ್ಲ. ನೇಪಲ್ಸಿಗೆ ಸೈನಿಕರನ್ನು ತುಂಬಿಕೊಂಡ ಹಡಗುಗಳು ಬಂದು, ಒಳಗೆ ಸಾಂಕ್ರಾಮಿಕ ರೋಗವಿದೆಯೆಂದು ದಡಕ್ಕೆ ಇಳಿಯಲು ಬಿಡದಿದ್ದಾಗ, ಕಮಿಲ್ಲಸರ ಸಂಗಡಿಗರು ತಾವೇ ಆ ಹಡಗುಗಳಿಗೆ ಹೋದರು. ಅವರಲ್ಲಿ ಕೆಲವರು ಹಿಂದಿರುಗಲಿಲ್ಲ. 1591ರಲ್ಲಿ ಜಗದ್ಗುರು ಹದಿನಾಲ್ಕನೇ ಗ್ರೆಗರಿಯವರು ಇವರನ್ನು ಪೂರ್ಣ ಧಾರ್ಮಿಕ ಸಭೆಯಾಗಿ ಮಾಡಿದಾಗ, ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದು ಸೇರಿತು: ಪ್ರಾಣಕ್ಕೆ ಅಪಾಯವಿದ್ದರೂ ರೋಗಿಯನ್ನು ಬಿಡುವುದಿಲ್ಲವೆಂಬುದು. 1595ರಲ್ಲಿ, ಮತ್ತೆ 1601ರಲ್ಲಿ, ತುರ್ಕರ ವಿರುದ್ಧ ಹಂಗೇರಿ, ಕ್ರೊಯೇಷಿಯಾ ಕಡೆ ಹೊರಟ ಸೈನ್ಯದ ಜೊತೆ ತಮ್ಮವರನ್ನು ಕಳಿಸಿದರು. ಗಾಯಗೊಂಡವನನ್ನು ಯುದ್ಧಭೂಮಿಯಲ್ಲೇ ಎತ್ತಿ, ಕಟ್ಟು ಕಟ್ಟಿ, ಡೇರೆಗೆ ಸಾಗಿಸುವ ಕೆಲಸ. ದಾಖಲೆಯಲ್ಲಿ ಸಿಗುವ ಮೊದಲ ಯುದ್ಧಭೂಮಿಯ ಆಂಬುಲೆನ್ಸ್ ದಳವೆಂದು ಇದನ್ನು ಹೇಳುವುದುಂಟು. ಸೈರನ್ ಹಾಕಿಕೊಂಡು ಓಡುವ ಇಂದಿನ ಗಾಡಿಗಳ ವಂಶವೃಕ್ಷದಲ್ಲಿ ಜೂಜಿನಲ್ಲಿ ಅಂಗಿ ಸೋತ ಈ ಮನುಷ್ಯನ ಹೆಸರೂ ಇದೆ.

ಕೃಷ್ಣಾ ತೀರದ ಓದುಗರಿಗಾಗಿ ಒಂದು ಘಟನೆಯನ್ನು ವಿಶೇಷವಾಗಿ ಹೇಳಬೇಕು. 1598ರ ಕ್ರಿಸ್ಮಸ್ ಸಮಯದಲ್ಲಿ ತೈಬರ್ ನದಿ ಉಕ್ಕಿತು. ರೋಮ್ ಪಟ್ಟಣ ತನ್ನ ಚರಿತ್ರೆಯಲ್ಲಿ ಕಂಡ ಅತಿ ದೊಡ್ಡ ಪ್ರವಾಹವೆಂದು ಅದನ್ನು ಎಣಿಸುತ್ತಾರೆ. ಪವಿತ್ರಾತ್ಮರ ಆಸ್ಪತ್ರೆ ನದಿಯ ದಂಡೆಯಲ್ಲೇ ಇದೆ. ನೀರು ಇನ್ನೂ ಒಳಗೆ ಬಾರದಿರುವಾಗಲೇ ಕಮಿಲ್ಲಸರು ರೋಗಿಗಳನ್ನು ಮಾಳಿಗೆಗೆ ಸಾಗಿಸಬೇಕೆಂದು ಹಟ ಹಿಡಿದರು. ಅಷ್ಟು ಅವಸರ ಬೇಡವೆಂದು ಆಡಳಿತದವರು ಹಿಂಜರಿದರು. ಅವರು ಕೇಳಲಿಲ್ಲ. ಹುಣ್ಣಿನ ಕಾಲಿನ ಆ ದೊಡ್ಡ ಮನುಷ್ಯ ಸಂಗಡಿಗರೊಡನೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ, ತೋಳಿನಲ್ಲಿ ಎತ್ತಿ ಮೇಲಕ್ಕೆ ಒಯ್ದರು, ಹಾಸಿಗೆಗಳನ್ನೂ ಒಯ್ದರು. ಆಮೇಲೆ ನೀರು ನುಗ್ಗಿ ಕೆಳಗಿನ ವಾರ್ಡು ಮುಳುಗಿತು.

2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಸಪ್ತಸಾಗರ, ಹುಲಗಬಾಳಿ, ಸತ್ತಿ ಕಡೆಯ ಜನ ನೀರು ಏರುವುದನ್ನು ಕಂಡವರು. ಮನೆ ಬಿಡುವಾಗ ದನಕರು ಮೊದಲು ಹೊರಡುತ್ತವೆ, ಕಾಳುಕಡಿ ಹೊರಡುತ್ತದೆ. ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಲು ನಾಲ್ಕು ಜನ ಬೇಕು, ಆದ್ದರಿಂದ ಅವಳ ಸರದಿ ಕೊನೆಗೆ ಬರುವ ಸಂಭವ ಹೆಚ್ಚು. ನದಿಯಂಚಿನ ಪ್ರತಿ ಊರಿನಲ್ಲಿ ತಾವಾಗಿ ನಡೆಯಲಾಗದವರು ಯಾರು ಯಾರಿದ್ದಾರೆಂದು ಮಳೆಗಾಲಕ್ಕೆ ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಜಾತಿ ಮತ ನೋಡದೆ ನಮ್ಮ ಯುವಕರು ಇದನ್ನು ಮಾಡಬಹುದು.

ಕನ್ನಡ ನಾಡಿನಲ್ಲೂ ಈ ಹಾದಿಯಲ್ಲಿ ನಡೆದವರಿದ್ದಾರೆ. ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು, 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. ಆ ಎರಡು ರೋಗಗಳಿಗೂ ಆಗ ಸರಿಯಾದ ಮದ್ದು ಲೋಕದಲ್ಲಿ ಎಲ್ಲೂ ಇರಲಿಲ್ಲ. ಮನೆಯವರೇ ಮುಟ್ಟದ ಮೈಯನ್ನು ಮುಟ್ಟಿ ತೊಳೆಯುವುದು, ಸೂರು ಕೊಡುವುದು ಸಾಧ್ಯವಿತ್ತು, ಅದನ್ನು ಮಾಡಿದರು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಕಮಿಲ್ಲಸರ ಸಭೆಯವರೇ ಬೆಂಗಳೂರಿನ ಸ್ನೇಹದಾನ್ ಕೇಂದ್ರದಲ್ಲಿ ಎಚ್‌ಐವಿ ಪೀಡಿತರನ್ನು ನೋಡಿಕೊಂಡು ಬಂದಿದ್ದಾರೆ.

ಇಂದು ಆಂಬುಲೆನ್ಸಿನ ಕೆಲಸಕ್ಕೆ ತರಬೇತಿ ಪಡೆಯುವ ನಮ್ಮ ಮಕ್ಕಳಿಗೆ ಇದೇ ವಿಷಯವನ್ನು ಬೇರೆ ಮಾತಿನಲ್ಲಿ ಕಲಿಸುತ್ತಾರೆ. ಎತ್ತುವ ಮೊದಲು ರೋಗಿಗೆ ಹೇಳಿ, ಒಪ್ಪಿಗೆ ಕೇಳಿ. ಮೈ ಮುಚ್ಚಿ. ಒಂಟಿಯಾಗಿ ಬಿಡಬೇಡಿ. ಒಡವೆ, ಹಣವನ್ನು ಬರೆದಿಟ್ಟು ಸಾಕ್ಷಿಯ ಮುಂದೆ ಒಪ್ಪಿಸಿ. ಬಿದ್ದೆನೆಂದು ಹೇಳುವ ಮುದುಕಿಯ ತೋಳಿನಲ್ಲಿ ಬೆರಳಿನ ಗುರುತು ಕಂಡರೆ ಕಣ್ಣು ಮುಚ್ಚಿಕೊಳ್ಳಬೇಡಿ, ಆಸ್ಪತ್ರೆಯ ವೈದ್ಯರಿಗೆ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಎಲ್ಲರ ಮೇಲೂ ಕಡ್ಡಾಯ. ಮನೆತನದ ಮಾನದ ಹೆಸರಿನಲ್ಲಿ ಅದನ್ನು ಮುಚ್ಚಿಡುವುದಕ್ಕೆ ಗುರುಗಳಿಗೂ ಅಧಿಕಾರವಿಲ್ಲ. ಮಾನಸಿಕ ರೋಗಿಯನ್ನು ಸರಪಳಿಯಿಂದ ಕಟ್ಟಿಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಅದರಿಂದಾಗಿ ಮೊಕದ್ದಮೆ ಹೂಡುವಂತಿಲ್ಲವೆಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿದೆ. ಆದ್ದರಿಂದ ಪೊಲೀಸರ ಭಯಕ್ಕೆ ಬಿದ್ದವನನ್ನು ದಾಟಿ ಹೋಗಬೇಕಾಗಿಲ್ಲ.

ಒಂದು ಮಾತು ನೇರವಾಗಿಯೇ ಹೇಳುತ್ತೇನೆ. ಆಯಾಗಳನ್ನೂ ವಾರ್ಡ್ ಬಾಯ್‌ಗಳನ್ನೂ ಬೈಯುವುದು ನಮಗೆ ಸುಲಭ. ರಾತ್ರಿಯೆಲ್ಲ ಹೊಲಸು ಬಾಚುವವರಿಗೆ ನಾವು ಕೊಡುವ ಸಂಬಳವೆಷ್ಟು, ಗೌರವವೆಷ್ಟು? ಕಮಿಲ್ಲಸರು ಆಳುಗಳನ್ನು ತೆಗಳುತ್ತ ಕೂರಲಿಲ್ಲ, ಅವರ ಕೈಯಲ್ಲಿದ್ದ ಬಕೆಟ್ಟನ್ನು ತಾವೇ ಹಿಡಿದರು.

ಅವರ ಕೊನೆಯ ವರ್ಷಗಳು ಸುಖದವಲ್ಲ. ತಮ್ಮವರು ಹಗಲು ರಾತ್ರಿ ಆಸ್ಪತ್ರೆಯಲ್ಲೇ ಇದ್ದು ಮೈಯ ಸೇವೆಯನ್ನೂ ಪೂರ್ಣವಾಗಿ ಮಾಡಬೇಕೆಂದು ಅವರ ಆಸೆ. ಸಾಲ ಬೆಳೆಯುತ್ತಿದೆ, ಯುವಕರು ಸಾಯುತ್ತಿದ್ದಾರೆ, ಆತ್ಮದ ಸೇವೆಯಷ್ಟೇ ಸಾಕೆಂದು ಸಭೆಯ ಹಲವರ ವಾದ. ಇಬ್ಬರ ಮಾತಿನಲ್ಲೂ ಸತ್ಯವಿತ್ತು. 1600ರಲ್ಲಿ ನೋಲಾ ಊರಿನ ಸಾಂಕ್ರಾಮಿಕದಲ್ಲೂ ಸಂಗಡಿಗರನ್ನು ಕಳೆದುಕೊಂಡಿದ್ದರು. 1607ರಲ್ಲಿ ಕಮಿಲ್ಲಸರು ಶ್ರೇಷ್ಠಾಧಿಕಾರಿಯ ಸ್ಥಾನವನ್ನು ಬಿಟ್ಟುಕೊಟ್ಟು ಸಾಮಾನ್ಯ ಸೇವಕರಾಗಿ ವಾರ್ಡಿಗೆ ಹಿಂದಿರುಗಿದರು. ಕಾಲಿನ ಹುಣ್ಣಿನ ಜೊತೆ ಅಂಡವಾಯು, ಮೂತ್ರದ ಕಲ್ಲು, ಉಂಡದ್ದು ನಿಲ್ಲದ ಹೊಟ್ಟೆ. ನಿಲ್ಲಲು ಆಗದಿದ್ದಾಗಲೂ ರಾತ್ರಿ ಹಾಸಿಗೆಯಿಂದ ಇಳಿದು, ತೆವಳುತ್ತ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗಿ, ಏನಾದರೂ ಬೇಕೇ ಎಂದು ರೋಗಿಗಳನ್ನು ಕೇಳುತ್ತಿದ್ದರು.

1614ರ ಜುಲೈ 14ರಂದು ರೋಮಿನಲ್ಲಿ, 64ರ ವಯಸ್ಸಿನಲ್ಲಿ ಅವರು ಕಣ್ಣು ಮುಚ್ಚಿದರು. ಮಗ್ದಲದ ಸಂತ ಮರಿಯಳ ದೇವಾಲಯದಲ್ಲಿ ಅವರ ಸಮಾಧಿಯಿದೆ. 1746ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1886ರಲ್ಲಿ ದೇವರ ಸಂತ ಯೊವಾನ್ನರ ಜೊತೆಗೆ ರೋಗಿಗಳಿಗೂ ಆಸ್ಪತ್ರೆಗಳಿಗೂ, 1930ರಲ್ಲಿ ದಾದಿಯರಿಗೂ ಅವರನ್ನು ಪಾಲಕ ಸಂತರನ್ನಾಗಿ ಘೋಷಿಸಲಾಯಿತು. ಅವರ ಹಬ್ಬ ಜುಲೈ 14. ನಮ್ಮ ಕಡೆ ಅದು ಸರಿಯಾಗಿ ನದಿಗೆ ನೀರು ಬರುವ ಕಾಲ.